ಅವ್ವ ಹೂವಿನಲ್ಲಿ ಅಳೆದ ಉಲ್ಕೆ

ಹೋದ ತಿಂಗಳು ಸಿಂಧನೂರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲೇ ಇಸ್ತ್ರಿ ಗಾಡಿಯವನೊಬ್ಬ ಪೆಟ್ಟಿಗೆಗೆ ಹೊಸ ಇದ್ದಿಲು ತುಂಬಿ ಊದುತ್ತಿದ್ದ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಬಸ್ಸು ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ. ಮುದುಕ ಕಂಬದ ಹಾಗೆ ನಿಂತದ್ದು ನೋಡಿ ಇಸ್ತ್ರಿಯವನು ತನ್ನ ಸ್ಟೂಲು ಕೊಟ್ಟ. ಕೂತೆ. ಅವನಿಗೆ ಏನೆಂದು ಹೇಳುವುದು? ಯುದ್ಧದ ಕಾಲಕ್ಕೆ ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಹಾಗೆ ಬೆನ್ನಿಗೆ ಒಲೆ ಕಟ್ಟಿಕೊಂಡ ಬಸ್ಸಿನಲ್ಲಿ ನಾನು ಒಂದು ಚಳಿಗಾಲವೆಲ್ಲ ಲಿಂಗಸುಗೂರಿಗೂ ಮಸ್ಕಿಗೂ ಓಡಾಡಿದ್ದೆ. ಯಾತಕ್ಕೆ ಎಂದರೆ, ಆಕಾಶದಿಂದ ಬೀಳುವ ಚುಕ್ಕಿ ಎಷ್ಟು ವೇಗದಲ್ಲಿ ಬರುತ್ತದೆ ಎಂದು ತಿಳಿಯಲಿಕ್ಕೆ. ಇದನ್ನು ಹೇಳಿದ್ದರೆ ಅವನು ಸ್ಟೂಲು ವಾಪಸು ಕೇಳುತ್ತಿದ್ದನೋ ಏನೋ.

ಅದು ನಿಜಾಮರ ಆಳ್ವಿಕೆ. ನಾನು ಲಿಂಗಸುಗೂರಿನ ಶಾಲೆಯೊಂದರಲ್ಲಿ ಲೆಕ್ಕದ ಮಾಸ್ತರ. ಪಾಠವೆಲ್ಲ ಉರ್ದುವಿನಲ್ಲಿ. ಮಗ್ಗಿ ಬಾಯಿಗೆ ಬರುತ್ತಿದ್ದದ್ದು ಉರ್ದುವಿನಲ್ಲಿ, ಸಿಟ್ಟು ಬರುತ್ತಿದ್ದದ್ದು ಕನ್ನಡದಲ್ಲಿ. ಮನೆ ಮಸ್ಕಿಯಲ್ಲಿ. ನಾವು ಹೂಗಾರರು. ನಾನು ನಾಲ್ಕು ವರ್ಷದವನಿದ್ದಾಗ ಅಪ್ಪ ವಾಂತಿಭೇದಿಯಲ್ಲಿ ತೀರಿಹೋಗಿದ್ದ. ಅವ್ವ ಬಸಮ್ಮ ಒಬ್ಬಳೇ ಗುಡ್ಡದ ಬುಡದ ತುಂಡು ತೋಟದಲ್ಲಿ ಹೂ ಬೆಳೆದು, ಬೆಳಗಾದರೆ ಬುಟ್ಟಿ ಹೊತ್ತು ಮನೆಮನೆಗೆ ಕೊಟ್ಟು, ಸುಗ್ಗಿಯಲ್ಲಿ ಅವರು ಅಳೆದು ಹಾಕಿದ ಜೋಳದಲ್ಲಿ ನನ್ನನ್ನು ಸಾಕಿ ಓದಿಸಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಜನ ಅಣಕಿಸುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಅಣಕವಾಗಿರಲಿಲ್ಲ, ದಿನಚರಿಯಾಗಿತ್ತು. ಶುಕ್ರವಾರ ಶಾಲೆಗೆ ರಜೆ. ಹಾಗಾಗಿ ಪ್ರತಿ ಬೇಸ್ತವಾರ ಸಂಜೆ ನಾನು ಬಸ್ಸು ಹತ್ತಿ ಅವ್ವನ ಹತ್ತಿರ ಬರುತ್ತಿದ್ದೆ.

ನಮ್ಮ ಹೆಡ್‌ಮಾಸ್ತರರು ಖಾದರ್ ಸಾಹೇಬರು. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಹೈದರಾಬಾದಿನಲ್ಲಿ ಓದುವಾಗ ಒಬ್ಬ ಪ್ರೊಫೆಸರರು ಅವರಿಗೆ ಆಕಾಶದ ಹುಚ್ಚು ಹಿಡಿಸಿದ್ದರು. ಇಪ್ಪತ್ತು ವರ್ಷದಿಂದ ತಮ್ಮ ಮನೆಯ ಮಾಳಿಗೆಯ ಮೇಲೆ ಅಂಗಾತ ಮಲಗಿ ಬೀಳುವ ಚುಕ್ಕಿಗಳನ್ನು ಬರೆದಿಡುತ್ತಿದ್ದರು. ಯಾವ ನಕ್ಷತ್ರದ ಹತ್ತಿರ ಹೊತ್ತಿತು, ಎಲ್ಲಿ ಆರಿತು, ಗಂಟೆ ಎಷ್ಟು. ಕತ್ತಲೆಯಲ್ಲಿ ಅವರು ಹೇಳುವುದು, ಅವರ ಬೇಗಂ ಬರೆದುಕೊಳ್ಳುವುದು. ಅದು ನಕ್ಷತ್ರವೇ ಅಲ್ಲ, ಜೋಳದ ಕಾಳಿನಷ್ಟು ಕಲ್ಲು, ಹೊರಗಿನಿಂದ ನಮ್ಮ ಗಾಳಿಯೊಳಗೆ ನುಗ್ಗಿ ಉರಿದುಹೋಗುತ್ತದೆ ಎಂದು ನನಗೆ ಹೇಳಿಕೊಟ್ಟವರು ಅವರೇ. ಆದರೆ ಒಬ್ಬನೇ ಒಂದೇ ಕಡೆ ಕೂತು ನೋಡಿದರೆ ಅದು ಎಷ್ಟು ಎತ್ತರದಲ್ಲಿದೆ ಎಂದು ತಿಳಿಯುವುದಿಲ್ಲ. ಎತ್ತರ ತಿಳಿಯದೆ ಅದು ಎಷ್ಟು ದೂರ ಓಡಿತೆಂದು ತಿಳಿಯುವುದಿಲ್ಲ. ದೂರ ತಿಳಿಯದೆ ವೇಗದ ಮಾತೇ ಇಲ್ಲ.

ಅವರು ನನಗೆ ತಿಳಿಸಿದ್ದು ಹೆಬ್ಬೆರಳಿನಿಂದ. ಕೈ ಚಾಚಿ ಹೆಬ್ಬೆರಳು ಎತ್ತಿಹಿಡಿದು, ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿದರೆ ಬೆರಳು ಗೋಡೆಯ ಮೇಲೆ ಜಾಗ ಬದಲಿಸಿದ ಹಾಗೆ ಕಾಣುತ್ತದೆ. ಎಷ್ಟು ಸರಿಯಿತು ಎಂಬುದರಿಂದ ಬೆರಳು ಎಷ್ಟು ದೂರ ಇದೆ ಎಂದು ಲೆಕ್ಕ ಹಾಕಬಹುದು. ಲಿಂಗಸುಗೂರು ಒಂದು ಕಣ್ಣು, ಮಸ್ಕಿ ಇನ್ನೊಂದು ಕಣ್ಣು, ನಡುವೆ ಹದಿನೆಂಟು ಮೈಲಿ. ಎರಡೂ ಕಡೆಯಿಂದ ಒಂದೇ ಚುಕ್ಕಿಯನ್ನು ನೋಡಿ ನಕ್ಷೆಯ ಮೇಲೆ ಗೆರೆ ಎಳೆದರೆ, ಅದು ಓಡಿದ ಮೈಲಿಗಳು ಸಿಗುತ್ತವೆ. ಅದನ್ನು ಅದು ಉರಿದ ಹೊತ್ತಿನಿಂದ ಭಾಗಿಸಿದರೆ ವೇಗ.

ಇಷ್ಟು ವರ್ಷ ಸುಮ್ಮನಿದ್ದವರು ಆ ವರ್ಷ ಯಾಕೆ ಅವಸರ ಮಾಡಿದರು ಎಂದು ದೀಪಾವಳಿಯ ಮೊದಲು ತಿಳಿಯಿತು. ಅವರಿಗೆ ಕಣ್ಣಿನ ರೋಗ, ಕಾಲಾ ಮೋತಿಯಾ. ನೋಟ ಸುತ್ತಲಿನಿಂದ ಕಪ್ಪಾಗುತ್ತ ಬಂದು ಈಗ ಕೊಳವೆಯೊಳಗಿಂದ ನೋಡಿದಷ್ಟೇ ಉಳಿದಿತ್ತು. ರಾಯಚೂರಿನ ಡಾಕ್ಟರು ಪರೀಕ್ಷೆ ಮಾಡಿ, ಇದಕ್ಕೆ ಮದ್ದಿಲ್ಲ, ಯುಗಾದಿಯವರೆಗೆ ನಡೆದರೆ ನಡೆದೀತು ಎಂದಿದ್ದರು. ಸಾಹೇಬರು ಇದನ್ನು ನನಗೆ ಹೇಳಿದ್ದು ಪರೀಕ್ಷೆಯ ವೇಳಾಪಟ್ಟಿ ಹೇಳಿದ ಹಾಗೆ. ಇಪ್ಪತ್ತು ವರ್ಷ ನೋಡಿದ್ದಕ್ಕೆ ಒಂದೇ ಒಂದು ನಂಬುವಂಥ ವೇಗ ಕೈಗೆ ಸಿಕ್ಕರೆ ಸಾಕು, ಆಮೇಲೆ ಕತ್ತಲಾದರೂ ಚಿಂತೆಯಿಲ್ಲ ಎಂದರು. ತಮ್ಮ ಎರಡು ಕಿಸೆ ಗಡಿಯಾರಗಳನ್ನು ಒಂದೇ ಗಂಟೆಗೆ ಹೊಂದಿಸಿ ಒಂದನ್ನು ನನ್ನ ಕೈಗೆ ಕೊಟ್ಟರು.

ಮಸ್ಕಿಯ ಗುಡ್ಡದ ಹಾಸುಬಂಡೆಯ ಮೇಲೆ ನಾನು ಮೊದಲ ಸಲ ಮಲಗಿದ್ದು ದೀಪಾವಳಿ ಅಮಾವಾಸ್ಯೆಯ ಮರುದಿನ. ಚುಕ್ಕಿ ಬಿದ್ದಾಗ ‘ಏಕ್, ದೋ, ತೀನ್’ ಎಂದು ಎಣಿಸಿದೆ. ಎರಡು ಚುಕ್ಕಿ ಎರಡೂ ಕಡೆ ಕಂಡಿದ್ದವು. ಲೆಕ್ಕ ಹಾಕಿದರೆ ಒಂದು ಸೆಕೆಂಡಿಗೆ ಐದು ಮೈಲಿ ಬಂತು. ಹೆಮ್ಮೆಯಿಂದ ತೋರಿಸಿದೆ.

‘ಮಾಸ್ತರ್, ಹೊರಗಿಂದ ಬೀಳೋ ಕಲ್ಲು ಏನಿಲ್ಲಂದ್ರೂ ಸೆಕೆಂಡಿಗೆ ಏಳು ಮೈಲಿ ಮ್ಯಾಲ ಬರಬೇಕು. ಭೂಮಿ ಎಳೆಯೋದ ಅಷ್ಟೈತಿ’ ಎಂದರು ಸಾಹೇಬರು. ‘ನಿಮ್ಮದು ಚಕ್ಕಡಿ ಹೂಡಿಕೊಂಡು ಬಂದಿತ್ತೇನು?’

ತಪ್ಪು ನನ್ನ ಎಣಿಕೆಯದು. ಚುಕ್ಕಿ ಬಿದ್ದರೆ ಎದೆ ಝಲ್ಲೆನ್ನುತ್ತದೆ, ಎದೆ ಝಲ್ಲೆಂದಾಗ ಮನುಷ್ಯ ಬಡಬಡ ಎಣಿಸುತ್ತಾನೆ. ಒಂದು ಸೆಕೆಂಡು ಉರಿದದ್ದಕ್ಕೆ ನಾನು ಮೂರು ಎಣಿಸಿದ್ದೆ. ಗಡಿಯಾರ ನೋಡೋಣವೆಂದರೆ ಕಣ್ಣು ಆಕಾಶದಿಂದ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇದಕ್ಕೆ ದಾರಿ ಕಾಣದೆ ನಾನು ಮುಂದಿನ ಬೇಸ್ತವಾರ ಬಂಡೆಯ ಮೇಲೆ ಸುಮ್ಮನೆ ಕೂತಿದ್ದೆ. ಅವ್ವ ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಗುಡ್ಡ ಹತ್ತಿ ಬಂದಳು. ಗಂಟು ಬಿಚ್ಚುವಾಗ ತೆಂಕಣದ ಕಡೆ ಒಂದು ಚುಕ್ಕಿ ಜಾರಿತು. ಅವ್ವ ಕೈ ನಿಲ್ಲಿಸದೆ, ‘ಮಲ್ಲಿಗಿ, ಸಂಪಿಗಿ’ ಎಂದಳು.

ಚುಕ್ಕಿ ಬಿದ್ದದ್ದು ನೋಡಿದರೆ ಹೂವಿನ ಹೆಸರು ಹೇಳಬೇಕು ಎಂಬುದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿ. ಹೇಳದಿದ್ದರೆ ಮರೆವು ಬರುತ್ತದೆ ಎನ್ನುತ್ತಾರೆ. ಚಿಕ್ಕಂದಿನಿಂದ ಕೇಳಿದ್ದೇ. ನಾಲ್ಕಕ್ಷರ ಕಲಿತ ಮೇಲೆ ನಕ್ಕಿದ್ದೂ ಉಂಟು. ಅವತ್ತು ನಗಲಿಲ್ಲ. ಅವ್ವ ಆ ಎರಡು ಹೆಸರು ಹೇಳಿದ್ದು ಬೆಳಗಿನಲ್ಲಿ ಓಣಿ ತಿರುಗುತ್ತ ಕೂಗುವ ಅದೇ ಧಾಟಿಯಲ್ಲಿ, ಅದೇ ವೇಗದಲ್ಲಿ. ಅವಳ ಎದೆ ಝಲ್ಲೆಂದಿರಲಿಲ್ಲ.

ಮರುದಿನ ಗಡಿಯಾರ ಹಿಡಿದು ಅವ್ವನನ್ನು ಕೂರಿಸಿದೆ. ಮಲ್ಲಿಗಿ, ಸಂಪಿಗಿ, ಕ್ಯಾದಗಿ, ತಾವರಿ, ಕಣಗಿಲ. ಅವಳು ಕೂಗುವ ಸಾಲೇ ಅದು, ಒಂದೊಂದು ಹೆಸರೂ ನಾಲ್ಕು ಮಾತ್ರೆ. ನೂರು ಹೂವಿಗೆ ಎಪ್ಪತ್ತು ಸೆಕೆಂಡು. ಮಧ್ಯಾಹ್ನ ಉಂಡ ಮೇಲೆ ಹೇಳಿಸಿದೆ, ಎಪ್ಪತ್ತು. ಗುಡ್ಡ ಹತ್ತಿಸಿ, ಏದುಸಿರು ಇಳಿಯುವುದರೊಳಗೆ ಹೇಳಿಸಿದೆ, ಎಪ್ಪತ್ತೊಂದು. ಹೇಗೆ ಸಾಧ್ಯ ಎಂದು ಕೇಳಿದೆ. ಅವ್ವನಿಗೆ ಅದೊಂದು ಪ್ರಶ್ನೆಯೇ ಅಲ್ಲ.

‘ಲಗೂ ಕೂಗಿದ್ರ ಒಳಗಿನವ್ರು ಎದ್ದು ಬರೂದ್ರಾಗ ನಾ ಮುಂದಿನ ಮನಿಗೆ ಹೋಗಿರತೀನಿ. ತಡಾ ಮಾಡಿದ್ರ ಬುಟ್ಟ್ಯಾಗ ಹೂ ಬಾಡತಾವ’ ಎಂದಳು. ‘ಇಪ್ಪತ್ತೆರಡು ವರ್ಸ ಆತು. ಬಾಯಿಗೆ ರೂಢಿ ಆಗೇತಿ.’

ಸಾಹೇಬರಿಗೆ ಹೇಳಿದಾಗ ಅವರು ತಾವೇ ಒಮ್ಮೆ ಆ ಸಾಲು ಹೇಳಿ ನೋಡಿದರು. ಆಮೇಲೆ, ಚುಕ್ಕಿ ಕಂಡಾಗ ಬಾಯಿ ತೆರೆಯಲು ಎಷ್ಟು ತಡವಾಗುತ್ತದೋ, ಆರಿದಾಗ ಮುಚ್ಚಲಿಕ್ಕೂ ಅಷ್ಟೇ ತಡವಾಗುತ್ತದೆ, ಎರಡೂ ವಜಾ ಆಗುತ್ತವೆ, ಇದಕ್ಕಿಂತ ಒಳ್ಳೆಯ ಯಂತ್ರ ನಮ್ಮ ತಾಲೂಕಿನಲ್ಲಿ ಇಲ್ಲ ಎಂದರು.

ಡಿಸೆಂಬರಿನ ನಡುವಿಗೆ ಪ್ರತಿವರ್ಷ ಒಂದೆರಡು ರಾತ್ರಿ ಚುಕ್ಕಿಗಳು ಉದುರುತ್ತವೆ. ಆ ವರ್ಷ ಅದು ಬೇಸ್ತವಾರಕ್ಕೇ ಕೂಡಿಬಂತು. ಬಹಮನ್ ತಿಂಗಳೆಂದು ನಮ್ಮ ಸರ್ಕಾರಿ ಕಾಗದದಲ್ಲಿ ಬರೆಯುತ್ತಿದ್ದ ತಿಂಗಳು. ಕರಿನೆಲದ ಮೇಲೆ ಹಿಂಗಾರಿ ಜೋಳ ಮೊಣಕಾಲು ದಾಟಿತ್ತು. ಗಾಳಿ ಬೀಸಿದರೆ ಹಲ್ಲು ಕಟಕಟ ಎನ್ನುವ ಚಳಿ. ಕಂಬಳಿ ಹೊದ್ದು ಅವ್ವನೂ ನಾನೂ ಬಂಡೆಯ ಮೇಲೆ ಕೂತೆವು. ಹೂ ಕೊಯ್ಯುವ ಕೊಕ್ಕೆಕೋಲು ಅವಳ ಕೈಯಲ್ಲಿ. ಚುಕ್ಕಿ ಬಿದ್ದರೆ ಹೂ ಹೇಳುವುದು, ಕೂಡಲೇ ಅದು ಬಿದ್ದ ದಾರಿಗೆ ಸರಿಯಾಗಿ ಕೋಲು ಹಿಡಿದು ನಿಲ್ಲುವುದು. ನಾನು ಕೋಲಿನ ಎರಡೂ ತುದಿಗೆ ಯಾವ ನಕ್ಷತ್ರ ಎಂದು ನೋಡಿ, ಬಟ್ಟೆ ಸುತ್ತಿದ ಕಂದೀಲಿನ ಬೆಳಕಿನಲ್ಲಿ ನಕ್ಷೆಯ ಮೇಲೆ ಗೆರೆ ಎಳೆಯುವುದು. ಅವ್ವನಿಗೆ ಅಕ್ಷರ ಬಾರದು, ಆದರೆ ಅವಳ ಕೋಲು ಒಮ್ಮೆಯೂ ಅಲುಗಲಿಲ್ಲ. ಅವತ್ತು ಎರಡೂ ಊರಿಗೆ ಕೂಡಿ ಕಂಡ ಚುಕ್ಕಿಗಳು ಹನ್ನೊಂದು ಸಿಕ್ಕವು.

ಲೆಕ್ಕ ಮಾಡಲು ನನಗೆ ಹತ್ತು ದಿನ ಹಿಡಿಯಿತು. ಸರಾಸರಿ ಬಂದದ್ದು ಸೆಕೆಂಡಿಗೆ ಹದಿನೈದು ಮೈಲಿ. ಈ ಚುಕ್ಕಿಗಳೆಲ್ಲ ಒಂದೇ ಹಿಂಡಿನವು, ವೇಗವೂ ಒಂದೇ, ಇಪ್ಪತ್ತೆರಡರ ಆಸುಪಾಸು ಬರಬೇಕು ಎಂದು ಪ್ರೊಫೆಸರರು ಪತ್ರದಲ್ಲಿ ಮೊದಲೇ ಬರೆದಿದ್ದರು. ನಮ್ಮವು ಒಂದು ಹತ್ತು, ಇನ್ನೊಂದು ಇಪ್ಪತ್ತು, ದಿಕ್ಕಾಪಾಲು. ಕಾಗದವನ್ನು ದಿಟ್ಟಿಸುತ್ತ ಕೂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಹೊತ್ತಿನ ಪಟ್ಟಿಯಲ್ಲಿ ಇದ್ದದ್ದು ಒಂದು ಹೂ, ಎರಡು ಹೂ, ಒಂದು ಹೂ, ಮೂರು ಹೂ. ಒಂದೂ ಚುಕ್ಕಿ ಹೂವಿನ ನಡುವೆ ಆರಿರಲಿಲ್ಲ. ಅವ್ವ ಚುಕ್ಕಿ ಆರಿದರೂ ಹೆಸರು ಪೂರಾ ಮಾಡಿಯೇ ನಿಲ್ಲಿಸುತ್ತಿದ್ದಳು. ಮನೆಗೆ ಹೋದಾಗ ಕೇಳಿದೆ. ಹೂವನ್ನು ಯಾರಾದರೂ ಅರ್ಧಕ್ಕೆ ಬಿಡುತ್ತಾರೇನು ಎಂದು ನನ್ನನ್ನೇ ಬೈದಳು. ಹೂಗಾರನ ಮಗನಾಗಿ ಅಷ್ಟೂ ತಿಳಿಯದೇ ಎಂಬುದು ಅವಳ ಸಿಟ್ಟು.

ಈಗ ನಾನು ಮಾಡಿದ್ದನ್ನು ಮುಚ್ಚದೆ ಹೇಳುತ್ತೇನೆ. ಹಿಂಡಿನ ರಾತ್ರಿ ಕಳೆದುಹೋಗಿತ್ತು, ಮತ್ತೆ ಬರುವುದು ವರ್ಷಕ್ಕೆ. ಸಾಹೇಬರಿಗೆ ಅಷ್ಟು ದಿನ ಕಣ್ಣಿಲ್ಲ. ಪ್ರೊಫೆಸರರಿಗೆ ಬರೆಯುವ ಪತ್ರವನ್ನು ಅವರಾಗಲೇ ಬೇಗಂ ಕೈಯಲ್ಲಿ ಬರೆಸಿ, ವೇಗದ ಜಾಗ ಖಾಲಿ ಬಿಡಿಸಿದ್ದರು. ನಾನು ಪ್ರತಿ ಚುಕ್ಕಿಯ ಹೊತ್ತಿನಿಂದ ಅರ್ಧ ಹೂ ಕಳೆದೆ. ಅಂದಾಜಿಗೆ ಅಷ್ಟೇ ಹೆಚ್ಚಾಗಿರುತ್ತದಲ್ಲ ಎಂದುಕೊಂಡೆ. ಮತ್ತೆ ಭಾಗಿಸಿದೆ. ಸರಾಸರಿ ಇಪ್ಪತ್ತೆರಡೇ ಬಂತು. ಅವರ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಆಗ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ಕೆಲಸ ಒಮ್ಮೆ ಮುಗಿದರೆ ಸಾಕೆಂಬ ಸೋಮಾರಿತನವೂ ಅದರೊಳಗೆ ಇತ್ತು.

ಇಪ್ಪತ್ತೆರಡು ಎಂದಾಗ ಸಾಹೇಬರ ಮುಖ ಅರಳಿದ್ದು ನೋಡಿ ನನಗೆ ಸಂತೋಷವೇ ಆಯಿತು. ಕಾಗದ ಓದಲು ಅವರಿಗೆ ಆಗುತ್ತಿರಲಿಲ್ಲ. ಹೊತ್ತಿನ ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿ ಎಂದರು, ರುಚಿ ನೋಡುವವರ ಹಾಗೆ. ಓದಿದೆ. ಅರ್ಧ, ಒಂದೂವರೆ, ಅರ್ಧ, ಎರಡೂವರೆ. ಅಲ್ಲಿಗೆ ಅವರು ಕೈ ಎತ್ತಿದರು.

‘ಎಲ್ಲಾ ಚುಕ್ಕೀನೂ ಹೂವಿನ ನಟ್ಟನಡುವೇ ಆರಿದ್ವೇನು, ಮಾಸ್ತರ್?’

ಪಟ್ಟಿ ಕೆಳಗಿಟ್ಟೆ. ಎಲ್ಲವನ್ನೂ ಹೇಳಿದೆ. ಅವರು ಗದರಲಿಲ್ಲ. ಗದರಿದ್ದರೆ ನನಗೆ ಹಗುರವಾಗುತ್ತಿತ್ತು.

‘ಇಪ್ಪತ್ತೆರಡು ಅಂತ ಪ್ರೊಫೆಸರು ಮೊದಲ ಬರದಾರ. ಅದನ್ನ ನೀವು ನನಗ ತಿರುಗಿ ಬರದು ಕೊಟ್ರಿ’ ಎಂದರು. ‘ಅವರು ಹೇಳಿದ್ದು ನನಗ ಬೇಕಾಗಿಲ್ಲ. ಇದ್ದದ್ದು ಎಷ್ಟೈತೋ ಅಷ್ಟು ಬೇಕು. ನಿಮಗೂ ಗೊತ್ತಿತ್ತು.’

ಪರದೆಯ ಆಚೆ ಬೇಗಂ ಚಹಾದ ಬಟ್ಟಲು ಇಟ್ಟ ಸದ್ದಾಯಿತು. ನನಗೆ ಆ ಚಹಾ ಕುಡಿಯುವ ಮುಖವಿರಲಿಲ್ಲ, ಆದರೂ ಕುಡಿದೆ. ಹಾಗಾದರೆ ಅವ್ವನಿಗೆ ಹೂ ಅರ್ಧಕ್ಕೆ ನಿಲ್ಲಿಸಲು ಹೇಳುತ್ತೇನೆ, ಹಿಂಡು ಹೋದರೆ ಹೋಗಲಿ, ಒಂಟಿ ಚುಕ್ಕಿಗಳು ದಿನವೂ ಬೀಳುತ್ತವಲ್ಲ ಎಂದೆ. ಸಾಹೇಬರು ತಲೆ ಅಲ್ಲಾಡಿಸಿದರು. ಅದು ಅವಳ ಧರ್ಮ, ಮಗ ಹುಕುಂ ಮಾಡುವ ವಿಷಯವಲ್ಲ, ಕೇಳುವುದಾದರೆ ನಾನೇ ಬಂದು ಕೇಳುತ್ತೇನೆ ಎಂದರು.

ಮುಂದಿನ ಬೇಸ್ತವಾರ ನನ್ನ ಜೊತೆ ಇದ್ದಿಲಿನ ಬಸ್ಸಿನಲ್ಲಿ ಅವರೂ ಬಂದರು. ಏರು ಬಂದಲ್ಲಿ ಎಲ್ಲರೂ ಇಳಿದು ನೂಕಬೇಕು. ಹೆಡ್‌ಮಾಸ್ತರರು ಶೇರವಾನಿಯ ತೋಳು ಏರಿಸಿ ತಾವೂ ನೂಕಿದರು. ಅವ್ವ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿ, ಸೆರಗು ಸರಿಮಾಡಿಕೊಂಡು ಬಾಗಿಲ ಪಕ್ಕ ನಿಂತಳು. ಸಾಹೇಬರು ಕೇಳಬೇಕಾದದ್ದನ್ನು ಸುತ್ತಿಬಳಸದೆ ಕೇಳಿದರು. ಅವ್ವ ಬಾಗಿಲು ಬಿಟ್ಟು ಕಟ್ಟೆಯ ಹತ್ತಿರ ಬಂದಳು.

‘ಸಾಹೇಬ್ರ, ಇವರಪ್ಪ ಹೋದ ವರ್ಸ ಊರೆಲ್ಲ ಬ್ಯಾನಿ. ಮುಟ್ಟಬ್ಯಾಡ್ರಿ ಅಂದು ಹಂಗ ಒಯ್ದ್ರು. ಊರಿಗೆಲ್ಲ ಹೂ ಕೊಟ್ಟಾವ, ಅವನ ಮೈಮ್ಯಾಲ ಒಂದು ಹೂ ಬೀಳಲಿಲ್ಲ. ಚುಕ್ಕಿ ಬಿತ್ತಂದ್ರ ಯಾರದೋ ಜೀವ ಹೋತು ಅಂತಾರ. ಅವತ್ತಿನಿಂದ ಯಾರ ಚುಕ್ಕಿ ಬಿದ್ರೂ ನಾ ಹೂ ಹೇಳತೀನಿ. ಹೋಗಾಕತ್ತವರಿಗೆ ಅರ್ಧ ಹೂ ಕೊಡತಾರೇನ್ರಿ?’

ಇದನ್ನು ನಾನು ಕೇಳಿದ್ದು ಅದೇ ಮೊದಲು. ಇಪ್ಪತ್ತಾರು ವರ್ಷದ ಮಗನಿಗೆ ಅವಳು ಒಮ್ಮೆಯೂ ಹೇಳಿರಲಿಲ್ಲ, ನಾನು ಒಮ್ಮೆಯೂ ಕೇಳಿರಲಿಲ್ಲ. ಮರೆವು ಬಾರದಿರಲೆಂದು ಹೇಳುವ ಹೂ ಎಂದೇ ನಾನು ತಿಳಿದಿದ್ದೆ. ನಾನು ಲೆಕ್ಕದ ಕಾಗದದಲ್ಲಿ ಕಳೆದ ಅರ್ಧ ಹೂವುಗಳು ಎಂಥವು ಎಂದು ತಿಳಿದಾಗ ನಾಚಿಕೆಯಾಯಿತು.

ಸಾಹೇಬರು ಕೈಮುಗಿದರು. ‘ಬ್ಯಾಡ ಬಿಡ್ರಿ ತಾಯಿ’ ಎಂದು ಎದ್ದರು. ಕಟ್ಟೆ ಇಳಿಯುವಾಗ ಅವರ ಕಾಲು ಮೆಟ್ಟಿಲನ್ನು ಹುಡುಕಿತು. ಮೆಟ್ಟಿಲು ಅಲ್ಲೇ ಇತ್ತು, ಅವರಿಗೆ ಕಾಣಲಿಲ್ಲ. ಬೀಳುವಷ್ಟರಲ್ಲಿ ಅವ್ವ ಕೈ ಹಿಡಿದಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ಅವರು ಹೇಳಿದರು, ಯುಗಾದಿಯ ಮಾತನ್ನೂ ಹೇಳಿದರು. ಅವ್ವ ಅವರ ಕೈ ಬಿಡದೆ ಹಾಗೇ ನಿಂತಳು.

‘ಹಿಂಗ ಮಾಡೂಣು’ ಎಂದಳು ಕೊನೆಗೆ. ‘ಚುಕ್ಕಿ ಆರಿದ ಕೂಡ್ಲೆ ನಾ ಬಾಯಿ ಮುಚ್ಚತೀನಿ. ಇವ ಬರಕೊಳ್ಳಲಿ. ಆಮ್ಯಾಲ ಅವ ಹೂವ ಮೊದಲಿಂದ ಪೂರಾ ಹೇಳತೀನಿ. ನಿಮ್ಮ ಲೆಕ್ಕದ್ದು ನಿಮಗ, ಅವರದ್ದು ಅವರಿಗೆ.’

ಹೇಳಿದಷ್ಟು ಸುಲಭವಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಪೂರ್ತಿ ಹೂ ಹೇಳಿದ ನಾಲಗೆ ನಡುವೆ ನಿಲ್ಲಲು ಒಪ್ಪದು. ಅಭ್ಯಾಸಕ್ಕೆಂದು ನಾನು ಶುಕ್ರವಾರ ಬೆಳಗ್ಗೆ ಅವ್ವನ ಹಿಂದೆ ಓಣಿಯಲ್ಲಿ ನಡೆಯುತ್ತ ಇದ್ದಕ್ಕಿದ್ದಂತೆ ಚಪ್ಪಾಳೆ ಹೊಡೆಯುತ್ತಿದ್ದೆ. ಅವ್ವ ‘ಕ್ಯಾದ’ ಎಂದು ನಿಲ್ಲಬೇಕು. ಬಾಗಿಲಿಗೆ ಬಂದ ಹೆಂಗಸರು ನಮ್ಮನ್ನು ನೋಡಿ, ಓದಿದ ಮಗನಿಗೆ ತಲೆ ಕೆಟ್ಟಿದೆ, ತಾಯಿ ಪಾಪ ಸುಮ್ಮನೆ ತಾಳ ಹಾಕುತ್ತಿದ್ದಾಳೆ ಎಂದುಕೊಂಡರು. ಎರಡು ಬೇಸ್ತವಾರ ಹಾಗೇ ಹೋದವು. ಒಮ್ಮೆ ಅವ್ವನ ನಾಲಗೆ ಮುಂದೆ ಓಡಿತು, ಒಮ್ಮೆ ಚುಕ್ಕಿ ಸರಿಯಾಗಿ ಸಿಕ್ಕರೂ ಲಿಂಗಸುಗೂರಿನಲ್ಲಿ ಸಾಹೇಬರ ಕೊಳವೆಯೊಳಗೆ ಬೀಳಲಿಲ್ಲ. ಪ್ರತಿ ವಾರ ಆ ಕೊಳವೆ ಸಣ್ಣದಾಗುತ್ತಿತ್ತು. ಅವರು ಈಗ ಆಕಾಶದ ಒಂದೇ ತುಂಡನ್ನು ನೋಡುತ್ತ ಮಲಗುತ್ತಾರೆ, ಪಕ್ಕಕ್ಕೆ ತಿರುಗುವುದನ್ನೇ ಬಿಟ್ಟಿದ್ದಾರೆ ಎಂದು ಬೇಗಂ ಪರದೆಯ ಹಿಂದಿನಿಂದ ನನಗೆ ಹೇಳಿದರು.

ಅದು ಪುಷ್ಯ ಮಾಸದ ಕೊನೆಗೆ ಬರುವ ಅವರಾತ್ರಿ ಅಮಾವಾಸ್ಯೆಯ ಹಿಂದುಮುಂದಿನ ಬೇಸ್ತವಾರ. ಉಂಡು ಬಂಡೆಗೆ ಬಂದು ಬಹಳ ಹೊತ್ತಾಗಿರಲಿಲ್ಲ. ಕೆಳಗೆ ಹಳ್ಳದ ಆಚೆ ಕುರಿ ಹಟ್ಟಿಯ ಬೆಂಕಿ ಕಾಣುತ್ತಿತ್ತು. ಆಕಾಶದ ನೆತ್ತಿಯಿಂದ ಪಡುವಣಕ್ಕೆ ಒಂದು ದೊಡ್ಡ ಚುಕ್ಕಿ ಹಸಿರು ಬೆಳಕು ಚೆಲ್ಲುತ್ತ ಇಳಿಯಿತು.

‘ಮಲ್ಲಿಗಿ, ಸಂಪಿ.’

ನಿಂತಿತು. ಕೋಲು ಎದ್ದು ನಿಂತಿತು. ನಾನು ಕಂದೀಲಿನ ಬಟ್ಟೆ ಸರಿಸಿದೆ. ಗೆರೆ ಎಳೆದು, ಗಂಟೆ ಬರೆದು, ಹೂಂ ಎಂದ ಮೇಲೆ ಅವ್ವ ಕೋಲು ಕೆಳಗಿಟ್ಟು, ಮೇಲೆ ನೋಡುತ್ತ, ತನ್ನಷ್ಟಕ್ಕೆ ಆ ಎರಡು ಹೂಗಳನ್ನು ಪೂರಾ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಸಾಹೇಬರಿಗೆ ಕಂಡಿದ್ದೀತೇ ಎಂದು ಕೇಳಿದಳು. ನನಗೇನು ಗೊತ್ತು? ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ.

ಬೆಳಗ್ಗೆ ಅವ್ವ ಬುಟ್ಟಿಯನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ ತಾನೂ ಬಸ್ಸು ಹತ್ತಿದಳು. ಸಾಹೇಬರು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾವು ಕೇಳುವ ಮೊದಲೇ, ಕಂಡಿತು, ಆದರೆ ಬಾಲ ಮಾತ್ರ ಎಂದರು. ಹೊತ್ತಿದ್ದು ಅವರ ನೋಟದ ಆಚೆ, ಕೊನೆಯ ಕಾಲುಭಾಗ ಕೊಳವೆಯೊಳಗೆ ಹಾದುಹೋಗಿತ್ತು. ಬೇಗಂ ಬರೆದ ಗಂಟೆಗೂ ನನ್ನ ಗಂಟೆಗೂ ತಾಳೆಯಾಯಿತು. ಬಾಲ ಸಾಕಾಗಿತ್ತು. ಅವರ ಕಡೆಯಿಂದ ದಾರಿ ಯಾವ ದಿಕ್ಕಿಗೆ ಎಂದು ಗೊತ್ತಾದರೆ, ಎಲ್ಲಿಂದ ಎಲ್ಲಿಗೆ ಎಂಬುದನ್ನು ಅವ್ವನ ಕೋಲು ಹೇಳುತ್ತದೆ.

ಮಧ್ಯಾಹ್ನದ ನಮಾಜು ಮುಗಿಸಿ ಬಂದ ಸಾಹೇಬರು ಸಂಜೆಯವರೆಗೆ ನನ್ನ ಪಕ್ಕ ಕೂತರು. ನಾನು ಲೆಕ್ಕದ ಪ್ರತಿ ಹೆಜ್ಜೆಯನ್ನೂ ಗಟ್ಟಿಯಾಗಿ ಓದುವುದು, ಅವರು ಕಣ್ಣು ಮುಚ್ಚಿ ತಲೆಯೊಳಗೆ ಇನ್ನೊಮ್ಮೆ ಮಾಡುವುದು. ಚುಕ್ಕಿ ಓಡಿದ್ದು ಮೂವತ್ತೆರಡು ಮೈಲಿ. ಮಲ್ಲಿಗಿ ನಾಲ್ಕು, ಸಂಪಿ ಮೂರು, ಏಳು ಮಾತ್ರೆ, ಒಂದೂಕಾಲು ಸೆಕೆಂಡಿಗೆ ಚೂರು ಕಡಿಮೆ. ಸೆಕೆಂಡಿಗೆ ಇಪ್ಪತ್ತಾರು ಮೈಲಿ. ಅದು ಹಿಂಡಿನ ಚುಕ್ಕಿಯಲ್ಲ, ಒಂಟಿ. ಸರಿಯೋ ತಪ್ಪೋ ಎಂದು ತಾಳೆ ನೋಡಲು ಯಾವ ಪುಸ್ತಕದಲ್ಲೂ ಯಾವ ಪತ್ರದಲ್ಲೂ ಅದರ ವೇಗ ಇಲ್ಲ. ಅವ್ವನ ಬಾಯಿಯ ಮೇಲಿನ ನಂಬಿಕೆ ಬಿಟ್ಟರೆ ನಮಗೆ ಆಧಾರವೇ ಇರಲಿಲ್ಲ. ಹೆಚ್ಚುಕಡಿಮೆ ಎಷ್ಟಾದೀತು ಎಂದು ಸಾಹೇಬರು ಕೇಳಿದರು. ಒಂದು ಮಾತ್ರೆ ಆಚೀಚೆಯಾದರೂ ನಾಲ್ಕು ಮೈಲಿ ವ್ಯತ್ಯಾಸ ಎಂದು ಈ ಸಲ ಇದ್ದದ್ದನ್ನೇ ಹೇಳಿದೆ. ಅದನ್ನೂ ಬರೆಯಿರಿ ಎಂದರು.

ಪ್ರೊಫೆಸರರಿಗೆ ಹೋಗುವ ಪತ್ರದಲ್ಲಿ ನೋಡಿದವರ ಹೆಸರುಗಳನ್ನು ಅವರೇ ಹೇಳಿ ಬರೆಸಿದರು. ಮೊದಲು ಬಸಮ್ಮ, ಹೂಗಾರರು, ಮಸ್ಕಿ. ಆಮೇಲೆ ಅವರದು, ಆಮೇಲೆ ಬೇಗಂ ಅವರದು. ಕೊನೆಗೆ ನನ್ನದು. ಹೂವಿನಿಂದ ನಾರೂ ಸ್ವರ್ಗ ಸೇರಿತು ಎನ್ನುತ್ತಾರಲ್ಲ, ಹಾಗೆ. ಅವ್ವ ಒಂದು ಹೂ ಹೇಳುವಷ್ಟರಲ್ಲಿ ಆ ಕಲ್ಲು ಮಸ್ಕಿಯಿಂದ ಲಿಂಗಸುಗೂರಿಗೆ ಬಂದಿರುತ್ತದೆ ಎಂದು ಸಾಹೇಬರು ಅವಳಿಗೆ ತಿಳಿಸಿ ಹೇಳಿದರು. ಅದಕ್ಕೆ ಏರಿನಲ್ಲಿ ನೂಕುವ ಕೆಲಸ ಇಲ್ಲವೇನೋ ಎಂದಳು ಅವ್ವ.

ಯುಗಾದಿಗೆ ಎರಡು ದಿನ ಇದ್ದಾಗ ಪ್ರೊಫೆಸರರ ಉತ್ತರ ಬಂತು. ಅವ್ವನೂ ನನ್ನ ಜೊತೆ ಬಂದಿದ್ದಳು. ಸಾಹೇಬರು ಅದೇ ಕುರ್ಚಿಯಲ್ಲಿ ಕೂತಿದ್ದರು. ನಾವು ಒಳಗೆ ಬಂದಾಗ ಮುಖ ಬೇರೆ ಕಡೆ ಇತ್ತು, ಸದ್ದು ಕೇಳಿ ತಿರುಗಿದರು. ಕಣ್ಣು ಪೂರಾ ಹೋಗಿ ಆಗಲೇ ಹತ್ತು ದಿನವಾಗಿತ್ತು. ಪತ್ರವನ್ನು ಓದಿ ಹೇಳಿದೆ. ಲೆಕ್ಕವನ್ನು ತಾವು ಮತ್ತೊಮ್ಮೆ ಮಾಡಿ ನೋಡಿದ್ದಾಗಿಯೂ, ಹೊತ್ತು ಅಳೆದ ಬಗೆಯನ್ನು ಬೇರೆಯವರಿಗೂ ತಿಳಿಸುವುದಾಗಿಯೂ, ಇಪ್ಪತ್ತಾರನ್ನು ತಮ್ಮ ಪಟ್ಟಿಗೆ ಸೇರಿಸಿಕೊಂಡಿರುವುದಾಗಿಯೂ ಬರೆದಿದ್ದರು. ಇನ್ನೊಮ್ಮೆ ಓದಲೇ ಎಂದು ಕೇಳಿದೆ. ಅವರು ಬೇಡವೆಂದು ಕೈಮಾಡಿ, ಅವ್ವ ಎಲ್ಲಿ ಕೂತಿದ್ದಾಳೆಂದು ಕೇಳಿದರು.

‘ಬಸಮ್ಮಾ, ಆ ಚುಕ್ಕಿ ಒಂದ್ಸಲ ಹೇಳ್ರಿ. ಅವತ್ತು ಹೆಂಗ ಹೇಳಿದ್ರೋ ಹಂಗ.’

ಅವ್ವ ನೆಟ್ಟಗೆ ಕೂತಳು. ‘ಮಲ್ಲಿಗಿ, ಸಂಪಿ’ ಎಂದು, ಕಲಿತಿದ್ದಳಲ್ಲ, ಅಲ್ಲಿಗೇ ನಿಲ್ಲಿಸಿದಳು.

ಪರದೆಯ ಹಿಂದೆ ಬೇಗಂ ಇದ್ದರು, ಈಚೆ ನಾನಿದ್ದೆ. ಸಾಹೇಬರು ಮುಖ ಮೇಲೆತ್ತಿ, ತಾವೇ ಮೆಲ್ಲಗೆ ‘ಗಿ’ ಎಂದರು.